ಹೋರಿಯ ವರದಿ

"ಒಂದಕ್ಷರ ತಾನೇ, ತಿದ್ದಿಬಿಡಮ್ಮ," ಎಂದು ಜಾನುವಾರು ತಳಿ ಕೇಂದ್ರದ ನಿರ್ದೇಶಕರು ವರದಿಯನ್ನು ಪ್ರಯೋಗಾಲಯದ ಮೇಜಿನ ಮೇಲೆ ಎಸೆದರು. ಕೆಚ್ಚಲುಬಾವು ತಡೆಯುವ ಜೀನಿನ ಗುರುತು ಅವರ ಮೆಚ್ಚಿನ ಹೋರಿಯಲ್ಲಿ ಇರಲಿಲ್ಲ. ಇದೆ ಎಂದು ತೋರಿಸಲು ವರದಿಯಲ್ಲಿ ಒಂದಕ್ಷರ ಬದಲಾದರೆ ಸಾಕಿತ್ತು.

"ಇದರ ಹೆಣ್ಣುಕರುಗಳು ನಾಳೆ ಹಾಲು ಕೊಡೋ ಹೊತ್ತಿಗೆ ಕೆಚ್ಚಲು ಊದ್ಕೊಳ್ಳುತ್ತೆ ಸಾರ್. ಸಾಕೋರು ನಮ್ಮನ್ನ ನಂಬಿರ್ತಾರೆ," ಎಂದಳು ಪರೀಕ್ಷೆ ಮಾಡಿದವಳು.

"ಊದ್ಕೊಂಡ್ರೆ ಡಾಕ್ಟರಿದ್ದಾರೆ. ನಿನ್ನ ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತೆ ಅಲ್ವಾ?"

ಅವಳು ವರದಿಯನ್ನು ಅವರತ್ತ ತಿರುಗಿಸಿ ಪೆನ್ನು ಚಾಚಿದಳು. "ನೀವೇ ತಿದ್ದಿ ಸಾರ್."

ಅವರು ಮೂಗು ಮುರಿಯುತ್ತ ಪೆನ್ನು ಕಿತ್ತುಕೊಂಡರು. ಈ ಜೀನುಗಳ ಬಗ್ಗೆ ಇಪ್ಪತ್ತು ವರ್ಷ ಭಾಷಣ ಬಿಗಿದವರು, ಅವಳು ಬರೆದ ಲೇಖನಗಳಿಗೂ ತಮ್ಮ ಹೆಸರನ್ನೇ ಮೊದಲು ಹಾಕಿಸಿಕೊಂಡವರು. ಕನ್ನಡಕ ಸರಿಮಾಡಿಕೊಂಡು ಮೊದಲ ಪುಟ ನೋಡಿದರು, ಎರಡನೆಯದನ್ನು ನೋಡಿದರು, ಮತ್ತೆ ಮೊದಲನೆಯದಕ್ಕೇ ಬಂದರು. ಪೆನ್ನಿನ ತುದಿ ಎಲ್ಲಿ ಕೂರಬೇಕೆಂದು ತಿಳಿಯದ ನೊಣದಂತೆ ಸಾಲುಗಳ ಮೇಲೆ ಅಲೆಯಿತು. ಕೊನೆಗೆ ದನಿ ತಗ್ಗಿಸಿ ಕೇಳಿದರು: "ಇದರಲ್ಲಿ ಯಾವುದಮ್ಮ ಅದು?"

ಇಂಥವರಿಗೆ ಮೂರು ವರ್ಷ ಹೆದರಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವರ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡು, ವರದಿಯನ್ನು ಇದ್ದದ್ದು ಇದ್ದ ಹಾಗೆಯೇ ಬಿಟ್ಟು ಕೆಳಗೆ ಸಹಿ ಹಾಕಿದಳು.