ಶಾಂತಕ್ಕನ ಚೌಕ

ಸ್ಟುಡಿಯೋದ ಹುಡುಗಿ ಖುಷ್ಬು ಮೌಸು ಹಿಡಿದು ಒಂದು ಸಲ ಎಳೆದಳು, ಅಷ್ಟೇ. ಪರದೆಯ ವಂಶವೃಕ್ಷದಲ್ಲಿ ರೇಣುಕಾದೇವಿಯ ಫೋಟೋದ ಕೆಳಗಿದ್ದ ಅಯ್ಯಪ್ಪ, ಹೆಂಡತಿ ಮಕ್ಕಳ ಸಮೇತ, ಪಕ್ಕದ ಖಾಲಿ ಚೌಕದ ಕೆಳಗೆ ಹೋಗಿ ನಿಂತ. ರೇಣುಕಾದೇವಿಯ ಚೌಕ ತಾನಾಗಿಯೇ ಸರಿದು ಪರದೆಯ ಅಂಚು ಸೇರಿತು. ಅದರ ಕೆಳಗೆ ಈಗ ಒಂದು ಗೆರೆಯೂ ಇರಲಿಲ್ಲ.

“ಈಗ ಸರಿ ಆತೇನ್ರಿ, ಅಣ್ಣಾರ?”

“ಹಾಂ, ಈಗ ಸರಿ,” ಎಂದ ಕುರ್ಚಿಯಲ್ಲಿದ್ದ ಅಯ್ಯಪ್ಪ. “ನನ್ನ ಹಡದಾಕಿ ಶಾಂತಕ್ಕ. ಅಪ್ಪನ ಬಾಜೂಕ ಆಕೀನ ಇರಬೇಕು. ಚಿಗವ್ವ ಆಮ್ಯಾಲ ಬಂದಾಕಿ.”

ಆ ಚಿಗವ್ವ, ಮಲತಾಯಿ ರೇಣುಕಾದೇವಿ, ಅವನ ಬೆನ್ನ ಹಿಂದೆಯೇ ಕೂತಿದ್ದಳು. ಗಂಡ ಕರಿಬಸಪ್ಪ ತೀರಿಕೊಂಡು ನಾಳಿದ್ದಿಗೆ ವರ್ಷ. ಪಡಸಾಲೆಯಲ್ಲಿ ತೂಗುಹಾಕಲು ಮನೆತನದ ವಂಶವೃಕ್ಷ ಮಾಡಿಸಬೇಕೆಂದು ಅಯ್ಯಪ್ಪನೇ ಅವಳನ್ನು ಯಲಬುರ್ಗಾದ ಈ ಸ್ಟುಡಿಯೋಕ್ಕೆ ಕರೆತಂದಿದ್ದ. ಸಂಜೆಯ ಬಸ್ಸಿಗೆ ಪೆನ್‌ಡ್ರೈವ್ ಕೊಪ್ಪಳಕ್ಕೆ ಹೋದರೆ ನಾಳೆ ಅಚ್ಚಾಗಿ ಬರುತ್ತದೆ. ಅವಳು ಈ ಮನೆಗೆ ಕಾಲಿಟ್ಟಾಗ ಅವನು ಗೋಡೆ ಹಿಡಿದು ನಡೆಯುವ ಕೂಸು. ಅವಳ ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲ. ‘ಚಿಗವ್ವ ಅನ್ನು’ ಎಂದು ಅವನ ಅಜ್ಜಿ ಕಲಿಸಿದಾಗ ಅವಳಿಗೆ ನೋವಾಗಿರಲಿಲ್ಲ. ಕರೆಯುವುದು ಏನಾದರೇನು, ಹಸಿದಾಗ ಬರುವುದು ತನ್ನ ಹತ್ತಿರವೇ ಅಲ್ಲವೇ ಅಂದುಕೊಂಡಿದ್ದಳು. ಆದರೆ ಹೀಗೆ ಗೆರೆ ಎಳೆದು, ಬಂದ ಬೀಗರೆಲ್ಲ ನಿಂತು ಓದುವ ಹಾಗೆ ಗೋಡೆಗೆ ಹಾಕುತ್ತಾರೆಂದು ಅವಳು ಎಣಿಸಿರಲಿಲ್ಲ.

“ಈ ಚೌಕಕ್ಕ ಫೋಟೋ ಕೊಡ್ರಿ ಮತ್ತ,” ಖುಷ್ಬು ಕೇಳಿದಳು.

“ಇಲ್ಲವ್ವಾ,” ಎಂದ ಅಯ್ಯಪ್ಪ. “ಆಗ ಎಲ್ಲಿ ಫೋಟೋ? ಒಂದೂ ತೆಗಸಿಲ್ಲ.”

ಫೋಟೋ ಇಲ್ಲದವರಿಗೆ ಕಂಪ್ಯೂಟರೇ ಒಂದು ಬೂದು ಬಣ್ಣದ ತಲೆ ಇಟ್ಟಿತ್ತು. ತುರುಬು ಇತ್ತು, ಭುಜ ಇತ್ತು. ಕಣ್ಣು, ಮೂಗು, ಬಾಯಿ ಇರಲಿಲ್ಲ.

“ನೆಟ್ಟಿನಾಗಿಂದ ಯಾರದರ ಚೆಂದದ ಮಾರಿ ಹುಡುಕಿ ಹಾಕ್ಲೇನ್ರಿ? ಇರಕಲ್ಲಗಡದವರು ಒಬ್ಬರು ಮುತ್ತಜ್ಜಂದು ಹಂಗ ಹಾಕಿಸ್ಕೊಂಡು ಹೋಗಿದ್ರು. ಮನಿಗೆ ಬಂದ ಬೀಗರು ನೋಡಿ, ಈತ ತೆಲುಗು ಸಿನಿಮಾದಾಗ ಪೊಲೀಸ ಆಗ್ಯಾನಲ್ಲ ಅಂದ್ರಂತ!”

ಅಯ್ಯಪ್ಪ ನಗಲಿಲ್ಲ. “ಬ್ಯಾಡ. ಇದ್ದಂಗ ಇರ್ಲಿ ಬಿಡು.”

ರೇಣುಕಾದೇವಿ ಆ ಬೂದು ತಲೆಯನ್ನೇ ನೋಡುತ್ತಿದ್ದಳು. ಕೇಳಬೇಕೆಂದಿದ್ದದ್ದು ತನ್ನ ಜಾಗದ ಮಾತು. ಬಾಯಿಗೆ ಬಂದದ್ದು ಬೇರೆ.

“ಅದು ಶಾಂತಕ್ಕ ಅಲ್ಲ.”

ಅಯ್ಯಪ್ಪ ಕುರ್ಚಿಯನ್ನು ಗರಕ್ಕನೆ ತಿರುಗಿಸಿದ. “ನೀ ಯಾವಾಗ ನೋಡೀದಿ ಆಕೀನ್ನ? ಆಕಿ ಸತ್ತಿದ್ದಕ್ಕ ನೀ ಬಂದಿ.”

ಖುಷ್ಬು ಪರದೆಯಿಂದ ಕಣ್ಣು ಕೀಳಲಿಲ್ಲ.

“ನೋಡೀನಿ,” ಎಂದಳು ರೇಣುಕಾದೇವಿ. “ದಿನಾ ನೋಡೀನಿ.”

ಸೆರಗಿನ ಒಳಗಿಂದ ಒಂದು ಕರಿದಾರ ಎಳೆದಳು. ತುದಿಯಲ್ಲಿ ಬಿಲ್ಲೆಯಷ್ಟು ದೊಡ್ಡ ಬಂಗಾರದ ಪದಕ. ಎರಡನೆಯ ಸಂಬಂಧಕ್ಕೆ ಬಂದ ಹೆಣ್ಣಿಗೆ, ಸತ್ತವಳ ಮುಖ ಒತ್ತಿಸಿದ ಪದಕವನ್ನು ತಾಳಿಯ ಜೊತೆಗೇ ಪೋಣಿಸಿ ಕಟ್ಟುವುದು ಆ ಮನೆತನದ ಪದ್ಧತಿ. ಹೊಸ ಸೀರೆ ಬಂದರೆ ಮೊದಲು ಆ ಸತ್ತವಳಿಗೆ ತೋರಿಸಿ ಆಮೇಲೆ ಉಡಬೇಕು. ಕೂಸಿಗೆ ಜ್ವರ ಬಂದರೆ ಅವಳಿಗೇನು ಸಿಟ್ಟು ಬಂತೋ ಎಂದು ಅಂಜಬೇಕು. ರೇಣುಕಾದೇವಿ ಎಲ್ಲ ಮಾಡಿದ್ದಳು, ಎಲ್ಲಕ್ಕೂ ಅಂಜಿದ್ದಳು. ಕರಿಬಸಪ್ಪನ ಹೆಣದ ಮುಂದೆ ತಾಳಿ ತೆಗೆದಾಗ ಇದನ್ನೇನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಅವಳು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಳು. ಗಂಡ ಹೋದ ಮೇಲೂ ಸವತಿ ಉಳಿದಿದ್ದಳು.

ಈಗ ಗಂಟು ಬಿಗಿದು ಬಿಚ್ಚಲು ಬರಲಿಲ್ಲ. ದಾರವನ್ನು ತಲೆಯ ಮೇಲಿಂದ ತೆಗೆದು ಮೇಜಿನ ಮೇಲಿಟ್ಟಳು. ಎದೆಯ ಮೇಲೆ ಅದಿದ್ದ ಜಾಗ ತಣ್ಣಗಾಯಿತು.

“ಇದನ್ನ ಹಾಕವಾ, ಆ ಚೌಕಕ್ಕ.”

ಖುಷ್ಬು ಪದಕವನ್ನು ಕರಿ ಬಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದಳು. ಕಂಪ್ಯೂಟರಿಗೆ ಇಳಿಸಿ, ಚೌಕಕ್ಕೆ ತಂದು, ಮುಖವಷ್ಟೇ ಉಳಿಯುವಂತೆ ಸುತ್ತಲೂ ಕತ್ತರಿಸಿ ದೊಡ್ಡದು ಮಾಡಿದಳು. ಬೂದು ತಲೆ ಹೋಗಿ, ಹಣೆಬೊಟ್ಟು ಮೂಗುನತ್ತು ಇಟ್ಟುಕೊಂಡ ಹೆಣ್ಣೊಬ್ಬಳು ಕರಿಬಸಪ್ಪನ ಪಕ್ಕ ಬಂದು ಕೂತಳು.

ಅಯ್ಯಪ್ಪ ಎದ್ದು ಪರದೆಗೆ ಬಾಗಿದ. “ಅಕ್ಕಸಾಲಿ ಅಚ್ಚಿನಾಗ ಒತ್ತಿದ್ದಿದು. ನಮ್ಮವ್ವ ಹಿಂಗ ಇದ್ದಳಂತ ಯಾರು ಕಂಡಾರ?” ಎಂದ. ಆದರೂ ದನಿ ಇಳಿದಿತ್ತು, ಕಣ್ಣು ಅಲ್ಲಿಂದ ಕದಲಲಿಲ್ಲ.

“ಕೆನ್ನಿ ಮ್ಯಾಲ ತಗ್ಗು ಬಿದ್ದಾವ ನೋಡ್ರಿ, ಸಣ್ಣ ಸಣ್ಣವು,” ಖುಷ್ಬು ಬೆರಳಿಟ್ಟು ತೋರಿಸಿದಳು. “ಅಳಿಸಿ ನುಣ್ಣಗ ಮಾಡ್ಲೇನ್ರಿ? ಒಂದ ನಿಮಿಷದ ಕೆಲಸ.”

“ಮಾಡು.”

“ಬ್ಯಾಡ!”

ಅಷ್ಟು ಜೋರಾಗಿ ಬಂದ ತನ್ನ ದನಿಗೆ ರೇಣುಕಾದೇವಿಯೇ ಬೆಚ್ಚಿದಳು. ಆಮೇಲೆ ಖುಷ್ಬುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು: “ಅವು ಇವನ ಹಲ್ಲಿನ ಗುರುತವ್ವಾ. ದವಡಿ ಹಲ್ಲು ಬರೂ ಹೊತ್ತಿಗೆ ನನ್ನ ತೊಡಿಮ್ಯಾಲ ಮಲಗಿ ಅದನ್ನ ಬಾಯಾಗ ಇಟ್ಕೊಂಡು ಕಡೀತಿದ್ದ. ಮಂದಿ ಎಲ್ಲಾ ಬೈದ್ರು, ಅಪಶಕುನ, ಕಸಕೋ ಅಂತ. ನಾ ಕಸಕೊಳ್ಳಲಿಲ್ಲ. ಅದರಾಗ ಇದ್ದಾಕಿ ಅವರವ್ವನ ಅಲ್ಲೇನು.”

ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪಳದ ಬಸ್ಸು ಹಾರ್ನ್ ಹೊಡೆಯಿತು. ಖುಷ್ಬು ಇಬ್ಬರನ್ನೂ ನೋಡಿದಳು.

“ಹೊತ್ತಾತ್ರಿ, ಅಣ್ಣಾರ. ಗೆರಿ ಇಲ್ಲೇ, ಶಾಂತಕ್ಕನ ಕೆಳಗ ಇರ್ಲೇನ್ರಿ?”

ಅಯ್ಯಪ್ಪನ ನಾಲಿಗೆ ಬಾಯೊಳಗೇ ದವಡೆಯ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿತ್ತು. ಕೆನ್ನೆ ಉಬ್ಬಿ ಇಳಿಯುವುದು ಹಿಂದೆ ಕೂತವಳಿಗೆ ಕಾಣುತ್ತಿತ್ತು.