ಗಂಡನ ಹೆಸರು

"ಗಂಡನ ಹೆಸರು?"

ಗಿರಿಜಾಂಬಾ ಸೌಟನ್ನು ಟೆಲಿಫೋನಿನ ಹಾಗೆ ಕಿವಿಗೆ ಹಿಡಿದು, ತಮಗೆ ತಿಳಿದ ಮಟ್ಟಿಗೆ ಬೆಂಗಳೂರಿನ ಸಾಹೇಬರ ಗತ್ತಿನಲ್ಲಿ ಕೇಳಿದರು. ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಚೊಂಬನ್ನು ಕಿವಿಗೆ ಆನಿಸಿಕೊಂಡು ನಿಂತಿದ್ದಳು ಸೊಸೆ ಪ್ರೇಮಲೀಲಾ. ಅಲ್ಲಿಯವರೆಗೆ ಪಟಪಟನೆ ಉತ್ತರ ಕೊಡುತ್ತಿದ್ದವಳು ಚೊಂಬನ್ನು ಕಿವಿಯಿಂದ ಕೆಳಗಿಳಿಸಿದಳು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ಅತ್ತೆ."

"ಸಾಹೇಬ್ರು ಬಿಟ್ಟು ಕೇಳ್ತಾರೇನೇ?"

"ಅರ್ಜೀಲಿ ಬರ್ದಿದೀನಲ್ಲ..."

"ಬರ್ದಿರೋದನ್ನೆಲ್ಲ ಇನ್ನೊಂದ್ಸಲ ಬಾಯಲ್ಲಿ ಹೇಳಿಸ್ತಾರಂತೆ ಕಣೇ. ಹೂಂ, ಹೇಳು."

ಮನೆಗೆ ದುಡಿದು ಹಾಕುತ್ತಿದ್ದ ಒಬ್ಬನೇ ಮಗ ವಿಷಮಶೀತ ಜ್ವರದಲ್ಲಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಸೊಸೆಯನ್ನು ಅವಳ ಅಣ್ಣ ಗುಂಡ್ಲುಪೇಟೆಗೆ ಕರೆದುಕೊಂಡು ಹೋಗುವುದು, ಗಿರಿಜಾಂಬಾ ತಮ್ಮ ಮಗಳ ಮನೆ ಸೇರುವುದು ಎಂದು ನೆಂಟರೆಲ್ಲ ಕೂತು ತೀರ್ಮಾನ ಮಾಡಿ, ಊಟ ಮಾಡಿ, ಎದ್ದು ಹೋಗಿದ್ದರು. ಅತ್ತೆ ಸೊಸೆಯರನ್ನು ಒಂದು ಮಾತು ಕೇಳಿದ ಪುಣ್ಯಾತ್ಮರಿಲ್ಲ. ಅವರಿಬ್ಬರಿಗೋ, ಹೋದವನನ್ನು ನೆನೆದು ಜೊತೆಯಲ್ಲಿ ಅಳುವುದಕ್ಕೆ ಒಬ್ಬರಿಗೊಬ್ಬರು ಬಿಟ್ಟರೆ ಯಾರೂ ಇರಲಿಲ್ಲ. ಬೇರೆಯಾಗದೆ ಇರಬೇಕಾದರೆ ಈ ಕೆಲಸ ಸಿಕ್ಕಬೇಕು. ಬೆಂಗಳೂರಿನ ಒಂದು ಮೋಟಾರು ಕಂಪನಿ ಇವರ ಊರಿನ ದೇವರಾಜ ಮೊಹಲ್ಲಾದಲ್ಲಿ ಕಚೇರಿ ತೆರೆಯುತ್ತಿತ್ತು. ಅಲ್ಲಿ ಟೆಲಿಫೋನಿನ ಮುಂದೆ ಕೂರುವವಳ ದನಿಯನ್ನು ಟೆಲಿಫೋನಿನಲ್ಲೇ ಕೇಳಿ ನೋಡಬೇಕೆಂದು ಮ್ಯಾನೇಜರು ಹಟ ಹಿಡಿದಿದ್ದರು. ಮಾರನೆಯ ಬೆಳಿಗ್ಗೆ ಮಂಡಿ ಮೊಹಲ್ಲಾದ ಶಿವಲಿಂಗಯ್ಯನವರ ಬೆಲ್ಲದ ಅಂಗಡಿಗೆ ಬೆಂಗಳೂರಿನಿಂದ ಟ್ರಂಕ್ ಕಾಲ್ ಬರುವುದಿತ್ತು.

"ನೀವು ಒಂದ್ಸಲ ಹೇಳಿಕೊಡಿ ಅತ್ತೆ. ನಿಮ್ಮ ಹಿಂದೇನೇ ಹೇಳ್ತೀನಿ."

ಗಿರಿಜಾಂಬಾ ಬಾಯಿ ತೆರೆದರು. ಗಂಟಲಿನಿಂದ ಏನೂ ಹೊರಡಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದಾಗಿನಿಂದ ಅವರೂ ಆ ಹೆಸರೆತ್ತಿರಲಿಲ್ಲ. 'ಅವನು' ಅಂದರೆ ಸಾಕಾಗುತ್ತಿತ್ತು. ತಮ್ಮ ಮೇಲೆ ಬಂದ ಸಿಟ್ಟನ್ನು ಸೊಸೆಯ ಮೇಲೆ ತೀರಿಸಿಕೊಂಡರು.

"ಹೆಸರು ಹೇಳಿದ್ರೆ ಗಂಡನ ಆಯುಸ್ಸು ಕಮ್ಮಿ ಆಗುತ್ತೆ ಅಂತ, ನೀನು ಮದ್ವೆಯಾಗಿ ಬಂದಾಗ ನಾನೇ ಹೇಳಿದ್ದು. ನೀನೂ ತಪ್ಪದೆ ನಡ್ಕೊಂಡೆ. ಇನ್ನು ಯಾವ ಆಯುಸ್ಸು ಉಳ್ದಿದೆ ಅಂತ ಕಾಯ್ತಾ ಇದೀಯೇ?"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಪ್ರೇಮಲೀಲಾ ಚೊಂಬನ್ನು ಕಟ್ಟೆಯ ಮೇಲಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆ ಸೌಟನ್ನು ಎಸೆದು ಓಡಿಹೋಗಿ ಅವಳನ್ನು ತಬ್ಬಿಕೊಂಡರು. ಸಾಹೇಬರ ಸಂದರ್ಶನ ಅಲ್ಲಿಗೆ ಮುಗಿಯಿತು. ಒಲೆಯ ಮೇಲಿದ್ದ ಅನ್ನ ತಳ ಹಿಡಿಯಿತು.

ಬೆಳಿಗ್ಗೆ ಅಂಗಡಿಯಲ್ಲಿ ಗಂಟೆ ಬಾರಿಸಿದ್ದೇ ತಡ, ಶಿವಲಿಂಗಯ್ಯನವರು ಗಾದಿಯಿಂದ ಹಾರಿದರು. "ಬೆಂಗಳೂರು ಕಣಮ್ಮ, ಬೇಗ!" ಗಿರಿಜಾಂಬಾ ಹೊರಗೆ ಜಗಲಿಯ ಮೇಲೆ ಕೂತರು. ಪಕ್ಕದಲ್ಲಿ ತಾವಿದ್ದರೆ ಸೊಸೆಗೆ ಮಾತು ಹೊರಡಲಿಕ್ಕಿಲ್ಲ ಎಂಬುದು ಅವರ ಲೆಕ್ಕಾಚಾರ. ಟ್ರಂಕ್ ಕಾಲ್ ಎಂದರೆ ಜನ ತಂತಿಯನ್ನು ನಂಬದೆ ತಮ್ಮ ಗಂಟಲನ್ನೇ ನಂಬುತ್ತಿದ್ದ ಕಾಲ ಅದು. ಒಳಗಿನದೆಲ್ಲ ಜಗಲಿಗೂ ಕೇಳುತ್ತಿತ್ತು. ಎಸ್ಸೆಲ್ಸಿ ಆಯಿತು, ಟೈಪು ಬರುತ್ತದೆಯೇ ಎಂಬುದಾಯಿತು. ಇಂಗ್ಲಿಷಿನಲ್ಲಿ ಏನೋ ಕೇಳಿದರೆಂದು ಕಾಣುತ್ತದೆ, ಸೊಸೆ ಇಂಗ್ಲಿಷಿನಲ್ಲೇ ತಡವರಿಸದೆ ಹೇಳಿದಳು. ಗಿರಿಜಾಂಬಾಗೆ ಒಂದಕ್ಷರ ತಿಳಿಯದಿದ್ದರೂ ಎದೆ ಹಿಗ್ಗಿತು. ಆಮೇಲೆ ಇದ್ದಕ್ಕಿದ್ದಂತೆ ದನಿ ನಿಂತಿತು. ಯಾವ ಪ್ರಶ್ನೆ ಬಂದಿದೆಯೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶಿವಲಿಂಗಯ್ಯನವರೂ ಹೆಂಡತಿ ಮಕ್ಕಳೊಂದಿಗರು, ಅವರಿಗೂ ಅರ್ಥವಾಯಿತು. "ಇಲ್ಲಿ ಕೊಡು ತಾಯಿ, ನಾನು ಹೇಳ್ತೀನಿ" ಎಂದು ಕೈ ಚಾಚಿದರು. ಕೊಟ್ಟುಬಿಡಬಾರದೇ ಎಂದುಕೊಂಡರು ಗಿರಿಜಾಂಬಾ. ಆದರೆ ಮಾತಾಡುವ ಕೆಲಸಕ್ಕೆ ಬಂದು ಬೇರೆಯವರ ಬಾಯಲ್ಲಿ ಮಾತಾಡಿಸಿದರೆ ಕೆಲಸ ಯಾರು ಕೊಡುತ್ತಾರೆ? ಪ್ರೇಮಲೀಲಾ ಬೇಡವೆಂದು ತಲೆಯಾಡಿಸಿದಳು.

"ಪ್ರಭುಸ್ವಾಮಿ," ಅಂದಳು. ತುಟಿ ಅಲ್ಲಾಡಿತು, ಅಷ್ಟೆ. ಬೆಂಗಳೂರಿಗೆ ಮುಟ್ಟಲಿಲ್ಲ.

"ಪ್ರಭುಸ್ವಾಮಿ, ಸರ್." ಅದೂ ಸಾಲಲಿಲ್ಲ. ಇನ್ನೂ ಜೋರಾಗಿ ಎಂದರೋ ಏನೋ, ಅವಳು ಕಣ್ಣು ಮುಚ್ಚಿಕೊಂಡಳು.

"ಪ್ರಭುಸ್ವಾಮೀ!"

ಆ ಕೂಗು ಅಂಗಡಿ ದಾಟಿ, ನಿಂತಿದ್ದ ಗಾಡಿಗಳನ್ನು ದಾಟಿ ಬೀದಿಗೆ ಹೋಯಿತು. ಹಮಾಲಿಗಳು ಹೊತ್ತ ಮೂಟೆ ಹೊತ್ತ ಹಾಗೆಯೇ ತಿರುಗಿ ನೋಡಿದರು. ಇದ್ದಷ್ಟು ದಿನ ಈ ಹುಡುಗಿಯ ಬಾಯಿಂದ ಒಂದು ಸಲವೂ ತನ್ನ ಹೆಸರು ಕೇಳದೆ ಹೋದನಲ್ಲ, ಕೇಳಿಸಿಕೊಳ್ಳುವ ಭಾಗ್ಯ ಯಾರೋ ಬೆಂಗಳೂರಿನವರದಾಯಿತಲ್ಲ ಎಂದು ಗಿರಿಜಾಂಬಾಗೆ ಸಂಕಟವಾಯಿತು. ಒಳಗೆ ಸೊಸೆ ಹೇಳುತ್ತಲೇ ಇದ್ದಳು: "ಹೌದು ಸರ್... ತೀರಿಕೊಂಡಿದಾರೆ ಸರ್... ಸೋಮವಾರವೇ? ಬರ್ತೀನಿ ಸರ್."

"ಗೆದ್ದುಬುಟ್ಟೆ ಕಣಮ್ಮ!" ಶಿವಲಿಂಗಯ್ಯನವರು ಬೆಲ್ಲದ ಅಚ್ಚೊಂದನ್ನು ಒಡೆದು ಎಲ್ಲರಿಗೂ ಹಂಚಿದರು. ಜಗಲಿಗೂ ಬಂದು ಗಿರಿಜಾಂಬಾರ ಕೈಯಲ್ಲಿ ಒಂದು ಚೂರು ಇಟ್ಟರು.

ಪ್ರೇಮಲೀಲಾ ಅಳುತ್ತಾ ನಗುತ್ತಾ ಓಡಿಬಂದಳು. "ಸಿಕ್ತು ಅತ್ತೆ! ಇನ್ನು ನಾನೂ ಎಲ್ಲಿಗೂ ಹೋಗಲ್ಲ, ನೀವೂ ಹೋಗ್ಬೇಕಾಗಿಲ್ಲ. ಏಳಿ, ಮನೆಗೆ ಹೋಗೋಣ."

ಗಿರಿಜಾಂಬಾ ಏಳಲಿಲ್ಲ. ಬೆಲ್ಲ ಬಾಯಿಗೆ ಹೋಗದೆ ಕೈಯಲ್ಲೇ ಇತ್ತು. ಕಣ್ಣು ಬೀದಿಯ ತಿರುವಿನ ಮೇಲಿತ್ತು.

"ಸ್ವಲ್ಪ ತಡಿಯೇ," ಅಂದರು. "ಅಷ್ಟು ಗಟ್ಟಿಯಾಗಿ ಕರ್ದಿದೀಯ. ಬರ್ತಾನೇನೋ, ನೋಡ್ಕೊಂಡೇ ಹೋಗೋಣ."