ನೀಲಿ ತೋಳುಪಟ್ಟಿ

ಪರೀಕ್ಷಕ ಆ ಬೂದು ಟೈನವನೇ. ಚಿಜುರುವಿಗೆ ಇನ್ನು ಅನುಮಾನ ಉಳಿಯಲಿಲ್ಲ.

ಗೈಡಾಗಿ ಇದು ಅವಳ ಮೊದಲ ಸುತ್ತು, ಹಿಂದೆ ಏಳು ಜನರ ಗುಂಪು. ಅದರಲ್ಲಿ ಆರು ಮಂದಿ ಅಜ್ಜ ಅಜ್ಜಿಯರು. ಯಾವುದೋ ಹಳ್ಳಿಯ ಹಿರಿಯರ ಕೂಟವಂತೆ, ಬಾಯಿಚಪಲಕ್ಕೆ ಬಂದವರು. ಟೈನವನೊಬ್ಬ ಮಾತ್ರ ಕಪ್ಪು ಚೀಲ ಹಿಡಿದು, ಮತ್ತೆ ಮತ್ತೆ ಗಡಿಯಾರ ನೋಡುತ್ತ ಎಲ್ಲರಿಗಿಂತ ಹಿಂದೆ ನಿಂತಿದ್ದ.

ಕ್ಯೋಟೋದ ಮಿಜುಗುಚಿ ಮಾರುಕಟ್ಟೆಯವರಿಗೆ ತಿಂಡಿ ತೋರಿಸುವ ಗೈಡುಗಳೆಂದರೆ ಮೈಯೆಲ್ಲ ಉರಿ. ಗೈಡು ಮುಂದೆ ಕೊರೆಯುತ್ತಿರುತ್ತಾಳೆ. ಹಿಂದೆ ಗಿರಾಕಿಗಳು ನಡೆದುಕೊಂಡೇ ತಿನ್ನುತ್ತ, ಒಣಮೀನಿನ ಮೇಲೆ ರಸ ಸುರಿಸಿ, ಬಿದಿರುಕಡ್ಡಿಯನ್ನು ಯಾರದೋ ಹೂಕುಂಡಕ್ಕೆ ಚುಚ್ಚಿ ಹೋಗುತ್ತಾರೆ. ಅದಕ್ಕೇ ಅಂಗಡಿಕಾರರ ಸಂಘ ಒಂದು ಕಟ್ಟಳೆ ಮಾಡಿತ್ತು: ಹೊಸ ಗೈಡಿನ ಮೊದಲ ಸುತ್ತಿನಲ್ಲೇ ಗುಟ್ಟಾಗಿ ಪರೀಕ್ಷೆ. ಗೆದ್ದರೆ ಸಂಘದ ನೀಲಿ ತೋಳುಪಟ್ಟಿ. ಸೋತರೆ ಗೈಡಾಗಿ ಒಳಗೆ ಕಾಲಿಡುವಂತಿಲ್ಲ. ಸಂಘ ನಡೆಸುವ ಹಿರಿಯರು ಗಲ್ಲಾವನ್ನು ಮಕ್ಕಳಿಗೆ ಬಿಟ್ಟು ಮಹಡಿ ಸೇರಿದವರು. ಊರಿಗೆ ಹೊಸಬಳಾದ ಚಿಜುರು ಅವರ ಮುಖ ಕಂಡವಳಲ್ಲ. "ಯಾರು ನೋಡ್ತಾರೆ, ಹೇಗೆ ನೋಡ್ತಾರೆ ಅಂತ ನಂಗೂ ಹೇಳಲ್ಲ ಅವರು" ಎಂದು ಅವಳನ್ನು ಕೆಲಸಕ್ಕಿಟ್ಟುಕೊಂಡ ಪ್ರವಾಸ ಕಂಪನಿಯ ಯಜಮಾನ ಕೈ ತೊಳೆದುಕೊಂಡಿದ್ದ.

ಪಟ್ಟಿ ಸಿಗದಿದ್ದರೆ ತನ್ನೂರಾದ ಮೈಜುರುವಿಗೆ ವಾಪಸ್ಸು. ಅಲ್ಲಿ ಅತ್ತಿಗೆಯ ಕ್ಷೌರದಂಗಡಿಯಲ್ಲಿ ಟವೆಲು ಒಗೆಯುತ್ತ, "ಏನಮ್ಮ, ಕ್ಯೋಟೋ ಇಷ್ಟು ಬೇಗ ಸಾಕಾಯ್ತಾ?" ಎಂಬ ಕುಟುಕು ಕೇಳಿಕೊಂಡು ಬಿದ್ದಿರಬೇಕು.

"ಇಲ್ಲಿ ಶೌಚಾಲಯ ಎಲ್ಲಿದೆ?" ಟೈನವನು ಕೇಳಿದ.

ಶುರುವಾಯಿತು ಪರೀಕ್ಷೆ ಎಂದುಕೊಂಡಳು ಚಿಜುರು. ಶೌಚಾಲಯದ ದಾರಿ, ಅದನ್ನು ತೊಳೆಯುವ ಹೊತ್ತು, ಪಕ್ಕದ ಬಾವಿಯ ಚರಿತ್ರೆ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಕೇಳಿಸಿಕೊಂಡ.

ಅಜ್ಜ ಅಜ್ಜಿಯರು ಮಾತ್ರ ಅವಳ ಪ್ರಾಣ ಹಿಂಡಿದರು. ಮೀನಂಗಡಿಯಲ್ಲಿ ನೇರಳೆ ಟೋಪಿಯ ಅಜ್ಜಿ ಬಂಗುಡೆಯ ಕಿವಿರು ಎತ್ತಿ ನೋಡಿ, ಗಲ್ಲಾದಲ್ಲಿದ್ದವನನ್ನು ದುರುಗುಟ್ಟಿದಳು. ಅವನು ಬೆವೆತುಹೋದ. ಮುಂದೆ ಬೋಳುತಲೆಯ ಅಜ್ಜ ದಾರಿಗೆ ಅಡ್ಡವಿದ್ದ ಬಕೆಟ್ಟನ್ನು ಕಾಲಿನಿಂದಲೇ ಮೂಲೆಗೆ ಸರಿಸಿ, ತಗ್ಗಿನ ತೊಲೆಯ ಕೆಳಗೆ, ತಲೆ ಎತ್ತಿ ನೋಡದೆಯೇ ಬಗ್ಗಿ ದಾಟಿದ. ಹಿಂದೆ ಬಂದ ಟೈನವನ ಹಣೆಗೆ ತೊಲೆ ಬಡಿಯಿತು. ಚಿಜುರು ನಡು ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದಳು. ಅಂಗಡಿಯವರು ಗುಂಪನ್ನು ಕಂಡೊಡನೆ ಕೂಗುವುದು ನಿಲ್ಲಿಸಿ, ತುಟಿ ಕಚ್ಚಿ ನಗು ತಡೆಯುತ್ತಿದ್ದರು. ತನ್ನನ್ನೇ ಕಂಡು ನಗುತ್ತಿದ್ದಾರೆಂದು ಅವಳಿಗೆ ಸಿಟ್ಟು ನೆತ್ತಿಗೇರಿತು.

ಆ ಸಿಟ್ಟಿಗೆ ಸಿಕ್ಕಿಬಿದ್ದವಳು ನೇರಳೆ ಟೋಪಿಯ ಅಜ್ಜಿ. ಕಡ್ಡಿಗೆ ಚುಚ್ಚಿದ ಮೊಟ್ಟೆಸುರುಳಿ ಕೊಂಡು, ಕಚ್ಚುತ್ತ ನಡೆದೇಬಿಟ್ಟಳು.

"ಅಜ್ಜಿ, ನಿಂತ್ಕೊಳ್ಳಿ. ಇಲ್ಲೇ ತಿಂದು, ಕಡ್ಡಿ ಇದೇ ಅಂಗಡಿ ಬುಟ್ಟಿಗೆ ಹಾಕಿ."

"ದುಡ್ಡು ಕೊಟ್ಟಿದೀನಿ ಕಣಮ್ಮ. ನಡ್ಕೊಂಡಾದ್ರೂ ತಿಂತೀನಿ, ಕುಣ್ಕೊಂಡಾದ್ರೂ ತಿಂತೀನಿ."

"ದುಡ್ಡು ಕೊಟ್ಟಿದ್ದು ಮೊಟ್ಟೆಗೆ, ದಾರಿಗಲ್ಲ."

ಅಜ್ಜಿ ಕಣ್ಣರಳಿಸಿದಳು. ಹಿಂದಕ್ಕೆ ಬಂದು, ಅಂಗಡಿಯ ಮುಂದೆ ನಿಂತು ತಿಂದು ಮುಗಿಸಿದಳು.

ಅಲ್ಲಿಗೆ ಮುಗಿಯಲಿಲ್ಲ. ಬೋಳುತಲೆಯ ಅಜ್ಜ ತನ್ನ ಕಡ್ಡಿಯನ್ನು ಹೂಕುಂಡಕ್ಕೆ ಚುಚ್ಚಹೊರಟ. ಇನ್ನೊಬ್ಬಾಕೆ ಟೋಫುವಿನ ಹಲಗೆಗೆ ಬೆರಳು ಚಾಚಿದಳು. ಮತ್ತೊಬ್ಬ ಒಣಮೀನಿನ ಮೇಲೆ ಬಾಗಿ ಸೀನಲು ಮೂಗು ಸಜ್ಜು ಮಾಡಿಕೊಂಡ. ಸರದಿ ಹಾಕಿಕೊಂಡು ಬಂದವರ ಹಾಗೆ ಒಬ್ಬರಾದ ಮೇಲೊಬ್ಬರು. ಚಿಜುರು ಯಾರನ್ನೂ ಬಿಡಲಿಲ್ಲ.

"ಮನೇಲಿ ಮೊಮ್ಮಕ್ಕಳಿಗೂ ಇದನ್ನೇ ಕಲಿಸ್ತೀರಾ ಅಜ್ಜ?"

"ತಪ್ಪಾಯ್ತು ತಾಯಿ" ಎಂದ ಬೋಳುತಲೆಯವನು. ಬೈಸಿಕೊಂಡವನ ಮುಖದಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಖುಷಿ ಇತ್ತು.

ಆಗಲೇ ಅನಾಹುತ ನಡೆಯಿತು. ಟೈನವನು ಸುಟ್ಟ ಹಾವುಮೀನಿನ ಕಡ್ಡಿ ಕೊಂಡು, ಗಡಿಯಾರ ನೋಡಿ, ಬಿರಬಿರನೆ ನಡೆಯತೊಡಗಿದ. ತಿನ್ನುತ್ತಲೇ. ಕಡ್ಡಿಯಿಂದ ರಸ ತೊಟ್ಟಿಕ್ಕುತ್ತಿತ್ತು.

ಕೂಗಲು ಬಾಯಿ ತೆರೆದ ಚಿಜುರು ತಡೆದಳು. ಪರೀಕ್ಷಕನಿಗೇ ಪಾಠ ಹೇಳುವುದೇ? ತಿಳಿದವನು ಬೇಕೆಂದೇ ಮಾಡುತ್ತಿರಬಹುದು. ಹೇಳಿದರೆ ಅವಮಾನವಾಗಬಹುದು. ಹೇಳದಿದ್ದರೆ? ಮೈಜುರುವಿನ ಟವೆಲುಗಳು ಕಣ್ಣ ಮುಂದೆ ಸಾಲಾಗಿ ತೂಗಿದವು. ಕೊನೆಗೆ ಅವಳು ಕರವಸ್ತ್ರ ಬಿಚ್ಚಿ ಅಂಗೈ ಮೇಲೆ ಹಾಸಿಕೊಂಡು, ಅವನ ಕಡ್ಡಿಯ ಕೆಳಗೆ ಹಿಡಿದು, ಪಕ್ಕದಲ್ಲೇ ಓಡಿದಳು. ಒಂದು ತೊಟ್ಟೂ ನೆಲಕ್ಕೆ ಬೀಳಲಿಲ್ಲ. ಹಿಂದಿನಿಂದ ಆರೂ ಜನ ಕೆಮ್ಮಿದ್ದು ಕೇಳಿಸಿತು.

ಮಾರುಕಟ್ಟೆಯ ಕೊನೆಯ ಬಾಗಿಲಲ್ಲಿ ಟೈನವನು ತಲೆಬಾಗಿದ. "ಚೆನ್ನಾಗಿತ್ತು, ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ" ಎಂದು, ಅರ್ಧ ತಿಂದ ಕಡ್ಡಿ ಹಿಡಿದೇ ಬೀದಿಗಿಳಿದ. ಚಿಜುರು ಹೊರಟವನ ಬೆನ್ನ ಹಿಂದೆ, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ನಮಸ್ಕರಿಸಿದಳು. ಗೆದ್ದೆ ಎನಿಸಿ ಕಣ್ಣು ತುಂಬಿ ಬಂತು.

ತಲೆ ಎತ್ತಿದರೆ ಅಜ್ಜ ಅಜ್ಜಿಯರು ಕದಲದೆ ನಿಂತಿದ್ದಾರೆ. ನೇರಳೆ ಟೋಪಿಯ ಅಜ್ಜಿ ಟೋಪಿ ತೆಗೆದು ಚೀಲಕ್ಕೆ ಹಾಕಿ, ಅದೇ ಚೀಲದಿಂದ ಮೀನಂಗಡಿಯ ಮುದ್ರೆಯಿದ್ದ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು. ಆಮೇಲೆ ನೀಲಿ ತೋಳುಪಟ್ಟಿ ಹೊರತೆಗೆದಳು. ಚಿಜುರು ಕೈ ಚಾಚಿದಳು. ಅಜ್ಜಿ ಪಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

"ನಾವು ಆರೂ ಜನ ಸರಿಯಾಗಿ ಬೈಸ್ಕೊಂಡ್ವಿ, ಇದು ನಿಂದೇ ಕಣೆ. ಆದ್ರೆ ಮೊದ್ಲು ಓಡು, ರೈಲಿಗೆ ಇನ್ನೂ ಹೊತ್ತಿದೆ ಅಂತ ಬಂದು ಸೇರ್ಕೊಂಡಿದ್ದ ಆ ಟೈನವನ ಕೈಲಿರೋ ಕಡ್ಡಿ ಇಸ್ಕೊಂಡು ಬಾ. ಈ ಗುಂಪಲ್ಲಿ ನಿಜವಾದ ಗಿರಾಕಿ ಅಂತ ಇದ್ದಿದ್ದು ಅವನೊಬ್ಬನೇ."